ಚೆಂಡು ಕಲಿಯುವ ಕೈ

ನಡಿಗೆ, ಓಟ, ಮೆಟ್ಟಿಲು ಹತ್ತುವುದು ಇವೆಲ್ಲ ಮಕ್ಕಳಿಗೆ ವಯಸ್ಸಿನೊಂದಿಗೆ ಒಲಿದು ಬರುತ್ತವೆ. ಚೆಂಡಿನ ವಿದ್ಯೆ ಹಾಗಲ್ಲ. ಎಸೆಯುವುದು, ಹಿಡಿಯುವುದು, ಒದೆಯುವುದು, ನೆಲಕ್ಕೆ ಬಡಿದು ಪುಟಿಸುವುದು, ಬ್ಯಾಟಿನಿಂದ ಹೊಡೆಯುವುದು ಒಂದು ಮಟ್ಟದವರೆಗೆ ತಾವಾಗಿ ಬರುತ್ತವೆ, ಆಮೇಲೆ ಅಲ್ಲೇ ನಿಂತುಬಿಡುತ್ತವೆ. ನೆಟ್ಟಗೆ ಚೆಂಡೆಸೆಯಲು ಬಾರದ ದೊಡ್ಡವರು ಎಲ್ಲ ಊರಲ್ಲೂ ಸಿಗುತ್ತಾರೆ. ಅವರ ಕೈಕಾಲಿನಲ್ಲಿ ಊನವೇನೂ ಇರುವುದಿಲ್ಲ. ಐದಾರು ವರ್ಷದಲ್ಲಿ ಅವರ ಎಸೆತ ಎಲ್ಲಿತ್ತೋ ಇಂದಿಗೂ ಅಲ್ಲೇ ಇರುತ್ತದೆ, ಅಷ್ಟೆ.

ಅಮೆರಿಕದಲ್ಲಿ ಬಡ ಕುಟುಂಬದ ಮಕ್ಕಳಿಗಾಗಿ ನಡೆಯುವ ‘ಹೆಡ್ ಸ್ಟಾರ್ಟ್’ ಶಾಲಾಪೂರ್ವ ಕೇಂದ್ರಗಳಲ್ಲಿ ಲೀಯಾ ರಾಬಿನ್ಸನ್ ಮತ್ತು ಜಾಕ್ಲಿನ್ ಗುಡ್‌ವೇ ಇದನ್ನು ಪರೀಕ್ಷಿಸಿ ನೋಡಿದರು. ಅವರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಮಕ್ಕಳಿಗೆ ಏನು ಮಾಡಬೇಕೆಂಬುದನ್ನೆಲ್ಲ ಶಿಕ್ಷಕರೇ ಹೇಳಿ 9 ವಾರ ಕಲಿಸಿದರು. ಇನ್ನೊಂದು ಗುಂಪಿಗೂ ಅಷ್ಟೇ ವಾರ ಕಲಿಸಿದರು, ಆದರೆ ಅಲ್ಲಿ ಯಾವ ಚಟುವಟಿಕೆ, ಎಷ್ಟು ಹೊತ್ತು ಎಂಬುದು ಮಕ್ಕಳ ಆಯ್ಕೆಗೆ ಬಿಟ್ಟದ್ದು. ಮೂರನೆಯ ಗುಂಪಿನ ಮಕ್ಕಳು ಎಂದಿನಂತೆ ಬಯಲಲ್ಲಿ ಆಡಿಕೊಂಡಿದ್ದರು. ಕಲಿಸಿದ ಎರಡೂ ಗುಂಪುಗಳು ಚೆನ್ನಾಗಿ ಮುಂದುವರಿದವು. ಆಡಿಕೊಂಡಿದ್ದ ಗುಂಪು ಇದ್ದಲ್ಲೇ ಇತ್ತು. ಪಾಠ ನಿಲ್ಲಿಸಿ ಮತ್ತೆ 9 ವಾರ ಬಿಟ್ಟು ನೋಡಿದಾಗಲೂ ಕಲಿತವರ ಮುನ್ನಡೆ ಹೆಚ್ಚುಕಡಿಮೆ ಹಾಗೇ ಉಳಿದಿತ್ತು.

ಹಾಗಾದರೆ ಬೀದಿಯಲ್ಲಿ ಆಡುತ್ತಲೇ ಚೆಂಡಿನ ಕೈಚಳಕ ಗಳಿಸುವ ಮಕ್ಕಳ ಸಂಗತಿ ಏನು? ಅಲ್ಲಿಯೂ ಕಲಿಕೆಗೆ ಬೇಕಾದ ಎಲ್ಲವೂ ಇರುತ್ತದೆ, ಶಿಕ್ಷಕರ ಹೆಸರೊಂದು ಇರುವುದಿಲ್ಲ. ಅದು ಹೇಗೆಂಬುದು ಮುಂದೆ ಬರುತ್ತದೆ.

ಎಸೆತ

ಮಕ್ಕಳ ಎಸೆತವನ್ನು ಚಲನಚಿತ್ರದ ಫಿಲ್ಮಿನಲ್ಲಿ ಸೆರೆಹಿಡಿದು ಅದರ ಹಂತಗಳನ್ನು ಗುರುತಿಸಿದವರು ಮೋನಿಕಾ ವೈಲ್ಡ್. ಅವರ ಬರಹ 1938ರದ್ದು, ಆದರೂ ದೈಹಿಕ ಶಿಕ್ಷಣದ ಪಠ್ಯಗಳು ಇಂದಿಗೂ ಅದನ್ನು ಬಿಟ್ಟಿಲ್ಲ. ಎರಡು–ಮೂರು ವರ್ಷದ ಮಗು ಗುರಿಗೆ ಎದೆಕೊಟ್ಟು ನಿಲ್ಲುತ್ತದೆ. ಪಾದ ಅಲುಗಾಡುವುದಿಲ್ಲ, ಮೊಣಕೈಯನ್ನು ಮಡಿಸಿ ಬಿಚ್ಚುತ್ತದೆ, ಚೆಂಡು ಮುಂದೆ ಹೋಗಿ ಬೀಳುತ್ತದೆ. ಮೂರೂವರೆಯಿಂದ ಐದರೊಳಗೆ ಮೈ ಪಕ್ಕಕ್ಕೆ ತಿರುಗಿ ಮತ್ತೆ ಎದುರಿಗೆ ಬರುವುದನ್ನು ಕಲಿಯುತ್ತದೆ, ಪಾದ ಮಾತ್ರ ಇನ್ನೂ ಕದಲದು. ಐದಾರು ವರ್ಷಕ್ಕೆ ಹೆಜ್ಜೆ ಸೇರಿಕೊಳ್ಳುತ್ತದೆ. ವಿಚಿತ್ರವೆಂದರೆ ಈ ಹೆಜ್ಜೆ ಎಸೆಯುವ ಕೈಯ ಕಡೆಯದೇ: ಬಲಗೈಯಲ್ಲಿ ಎಸೆಯುವ ಮಗು ಬಲಗಾಲನ್ನೇ ಮುಂದಿಡುತ್ತದೆ. ಆರೂವರೆಯ ಆಚೆಗೆ, ಅದೂ ಅಭ್ಯಾಸ ಸಿಕ್ಕ ಮಕ್ಕಳಲ್ಲಿ, ಎಡಗಾಲು ಮುಂದೆ ಬಂದು ಬಲಗೈ ಹಿಂದಿನಿಂದ ಬೀಸಿ ಬರುವ ಪಕ್ವ ಎಸೆತ ಕಾಣಿಸಿಕೊಳ್ಳುತ್ತದೆ.

ಎದುರುಗಾಲಿನ ಆ ಒಂದು ಹೆಜ್ಜೆಯಲ್ಲಿ ಎಸೆತದ ಬಹುಪಾಲು ಗುಟ್ಟು ಅಡಗಿದೆ. ಎಡಗಾಲು ಊರಿದಾಗ ಸೊಂಟಕ್ಕೆ ತಿರುಗಲು ಜಾಗ ಸಿಗುತ್ತದೆ. ಸೊಂಟ ಮೊದಲು ತಿರುಗಿ, ಅದರ ಹಿಂದೆ ಎದೆ, ಅದರ ಹಿಂದೆ ಭುಜ, ಮೊಣಕೈ, ಕೊನೆಗೆ ಮಣಿಕಟ್ಟು ಹೀಗೆ ಒಂದರಿಂದೊಂದಕ್ಕೆ ವೇಗ ದಾಟುತ್ತ ಬಂದು ಬೆರಳ ತುದಿಯಲ್ಲಿ ಚೆಂಡಿಗೆ ಸೇರುತ್ತದೆ. ಬಲಗಾಲು ಮುಂದಿದ್ದರೆ ಸೊಂಟ ಬಿಗಿದುಕೊಳ್ಳುತ್ತದೆ, ಎಸೆಯುವ ಕೆಲಸವೆಲ್ಲ ಒಂಟಿ ತೋಳಿನ ತಲೆಗೆ ಬರುತ್ತದೆ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲೋಲಾಸ್ ಹಾಲ್ವರ್ಸನ್ ಮತ್ತು ಮೇರಿ ಆ್ಯನ್ ರಾಬರ್ಟನ್ ಈ ಚಿತ್ರವನ್ನು ಮುಂದೆ ತಿದ್ದಿದರು. ಹಂತಗಳು ಇಡೀ ಮೈಗೆ ಒಟ್ಟಾಗಿ ಬರುವುದಿಲ್ಲ, ಒಂದೇ ಮಗುವಿನ ಕಾಲು ಮುಂದಿನ ಹಂತ ಮುಟ್ಟಿದ್ದರೂ ಎದೆ ಹಿಂದೆಯೇ ಉಳಿದಿರಬಹುದು ಎಂದು ಅವರು ತೋರಿಸಿದರು. ಶಿಶುವಿಹಾರದ ಮಕ್ಕಳ ಮೇಲೆ ಅದೇ ತಂಡ 1970ರ ದಶಕದಲ್ಲಿ ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯಕರ. 8 ವಾರಗಳಲ್ಲಿ ಒಟ್ಟು 120 ನಿಮಿಷ ಎಸೆತ ಕಲಿಸಿ ಚೆಂಡಿನ ವೇಗ ಅಳೆದರು. ಕಲಿತ ಮಕ್ಕಳ ಚೆಂಡಿಗೂ ಕಲಿಯದವರ ಚೆಂಡಿಗೂ ವೇಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಕಲಿಸಿದ್ದು ದಂಡವಾಯಿತು ಎಂದೇ ದಾಖಲಾಗುತ್ತಿತ್ತು. ಫಿಲ್ಮನ್ನು ಮತ್ತೆ ಕೂತು ನೋಡಿದಾಗ ಕಲಿತವರ ಹೆಜ್ಜೆ, ಮೈ ತಿರುವು, ತೋಳಿನ ಚಲನೆ ಸ್ಪಷ್ಟವಾಗಿ ಮುಂದುವರಿದಿದ್ದವು. ಚೆಂಡು ಎಷ್ಟು ದೂರ ಹೋಯಿತು, ಎಷ್ಟು ಸಲ ಗುರಿ ಮುಟ್ಟಿತು ಎಂದಷ್ಟೇ ಎಣಿಸುವ ಪೋಷಕರಿಗೂ ಶಿಕ್ಷಕರಿಗೂ ಕಾಣದೆ ಹೋಗುವುದು ಈ ಬದಲಾವಣೆಯೇ. ಡೇಲ್ ಉಲ್ರಿಚ್ 1985ರಲ್ಲಿ ರೂಪಿಸಿದ, ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಸ್ಥೂಲ ಚಲನಾ ಪರೀಕ್ಷೆ ಇದೇ ಕಾರಣಕ್ಕೆ ಫಲಿತಾಂಶಕ್ಕಿಂತ ಚಲನೆಯ ರೂಪಕ್ಕೆ ಅಂಕ ಕೊಡುತ್ತದೆ.

ಹೆಜ್ಜೆ ಬರಿಸುವುದು ಹೇಗೆ? ‘ಎಡಗಾಲು ಮುಂದಿಡು’ ಎಂದರೆ ಐದು ವರ್ಷದ ಮಗು ಮೊದಲು ಎಡಗಾಲು ಯಾವುದೆಂದು ಯೋಚಿಸಬೇಕು. ಅಷ್ಟರಲ್ಲಿ ಎಸೆತ ಮರೆತುಹೋಗಿರುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಪಾದದ ಗುರುತು ಬರೆದು, ಅದನ್ನು ತುಳಿದು ಎಸೆಯಲು ಹೇಳಿದರೆ ಹೆಜ್ಜೆ ಬರುತ್ತದೆ. ಇದಕ್ಕಿಂತ ಸರಳವಾದ ಉಪಾಯ, ಚೆಂಡನ್ನು ಆದಷ್ಟು ಜೋರಾಗಿ ಎಸೆಯಲು ಬಿಡುವುದು. ಮೂರಡಿ ದೂರದ ಪುಟ್ಟ ಬುಟ್ಟಿಗೆ ಹಾಕು ಎಂದರೆ ದೊಡ್ಡವರೂ ಮೊಣಕೈ ಮಡಿಸಿ ಮೆಲ್ಲಗೆ ತಳ್ಳುತ್ತಾರೆ, ಏಕೆಂದರೆ ಆ ಕೆಲಸಕ್ಕೆ ಅಷ್ಟೇ ಸಾಕು. ದೂರದ ಗೋಡೆಗೆ ಧಡ್ ಎಂದು ಬಡಿ ಎಂದರೆ ಮೈ ತಿರುಗದೆ, ಕಾಲು ಮುಂದೆ ಬರದೆ ಆಗುವುದೇ ಇಲ್ಲ. ಸಣ್ಣ ಮಕ್ಕಳಿಗೆ ಮೊದಲು ಬಲ, ಆಮೇಲೆ ಗುರಿ. ಶಾಲೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಿರುಗುಮುರುಗು.

ಹಿಡಿತ

ಎಸೆಯುವಾಗ ಹೊತ್ತು ಗೊತ್ತು ಮಗುವಿನದೇ. ಹಿಡಿಯುವಾಗ ಚೆಂಡಿನದು. ಹೀಗಾಗಿ ಹಿಡಿಯುವುದು ಹೆಚ್ಚು ಕಷ್ಟ. ಬರುವ ವಸ್ತುವಿನ ಕಡೆ ಕೈಚಾಚುವ ಸಾಮರ್ಥ್ಯ ಮಾತ್ರ ಹುಟ್ಟಿನ ಹತ್ತಿರದ್ದೇ: ಸ್ವೀಡನ್ನಿನ ಕ್ಲಾಸ್ ಫಾನ್ ಹಾಫ್‌ಸ್ಟೆನ್ ನಾಲ್ಕೂವರೆ ತಿಂಗಳ ಕೂಸುಗಳ ಮುಂದೆ ಆಟಿಕೆಯೊಂದನ್ನು ಹಾಯಿಸಿದಾಗ ಅವು ಆಟಿಕೆ ಈಗ ಇರುವಲ್ಲಿಗಲ್ಲ, ಮುಂದೆ ಬರಲಿರುವಲ್ಲಿಗೆ ಕೈಚಾಚಿದವು. ಹಾಗಿದ್ದರೂ ಮೂರು ವರ್ಷದ ಮಗು ತನ್ನತ್ತ ಬಂದ ಚೆಂಡನ್ನು ಹಿಡಿಯಲಾರದು. ಎರಡೂ ಕೈಗಳನ್ನು ಕೋಲಿನಂತೆ ನೆಟ್ಟಗೆ ಮುಂದೆ ಚಾಚಿ ಕಾಯುತ್ತದೆ. ಚೆಂಡು ತೋಳಿಗೆ ಬಡಿದು ಬಿದ್ದ ಮೇಲೆ ಕೈ ಮುಚ್ಚುತ್ತದೆ. ದೊಡ್ಡವರು ಚೆಂಡನ್ನು ಜಾಗರೂಕತೆಯಿಂದ ಆ ತೋಳುಗಳ ಮೇಲೇ ಇಟ್ಟಂತೆ ಎಸೆದಾಗ ‘ಕ್ಯಾಚ್’ ಆಗುತ್ತದೆ, ನಿಜವಾಗಿ ಕ್ಯಾಚ್ ಮಾಡಿದವರು ಎಸೆದವರೇ. ನಾಲ್ಕರ ಸುಮಾರಿಗೆ ಚೆಂಡನ್ನು ಎದೆಗೆ ಅವುಚಿಕೊಳ್ಳುವುದು ಬರುತ್ತದೆ. ಬರೀ ಅಂಗೈಬೆರಳುಗಳಲ್ಲಿ ಹಿಡಿಯುವುದು ಆರೇಳರ ಸುಮಾರಿಗೆ. ಪಕ್ಕಕ್ಕೆ ಸರಿದು, ಮೇಲೆ ನೆಗೆದು, ಒಂಟಿ ಕೈಯಲ್ಲಿ ಹಿಡಿಯುವುದೆಲ್ಲ ಅದಕ್ಕೂ ಆಚೆ.

ನಡುವೆ ಭಯದ ಘಟ್ಟವೊಂದಿದೆ. ಚೆಂಡು ಹತ್ತಿರ ಬಂದಂತೆ ಮಗು ಮುಖ ತಿರುಗಿಸುತ್ತದೆ, ಕಣ್ಣು ಮುಚ್ಚುತ್ತದೆ. ಒಮ್ಮೆ ಮೂಗಿಗೆ ಗಟ್ಟಿ ಚೆಂಡು ಬಡಿದರೆ ಈ ಅಭ್ಯಾಸ ವರ್ಷಗಟ್ಟಲೆ ಉಳಿಯುತ್ತದೆ. ಕಣ್ಣು ಮುಚ್ಚಿದ ಮಗುವಿಗೆ ‘ಚೆಂಡು ನೋಡು, ಚೆಂಡು ನೋಡು’ ಎಂದು ಕೂಗುವುದರಿಂದ ಉಪಯೋಗವಿಲ್ಲ. ಬಡಿದರೂ ನೋಯದ ಚೆಂಡು ಕೊಟ್ಟರೆ ಕಣ್ಣು ತಾನಾಗಿ ತೆರೆಯುತ್ತದೆ.

ಇನ್ನು ಸಮಯದ ಲೆಕ್ಕ. 3 ಮೀಟರ್ ದೂರದಿಂದ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಕೆಳಗೈಯಿಂದ ಎಸೆದ ಚೆಂಡು ಮುಕ್ಕಾಲು ಸೆಕೆಂಡಿನಲ್ಲಿ ತಲುಪುತ್ತದೆ. ಅದೇ ದೂರದಿಂದ ವೇಗ ಎರಡು ಪಟ್ಟಾದರೆ ಉಳಿಯುವುದು 0.4 ಸೆಕೆಂಡಿಗಿಂತ ಕಡಿಮೆ. ಕಣ್ಣಿಗೆ ಬಿದ್ದ ಸುಳಿವಿಗೆ ದೊಡ್ಡವರ ಕೈ ಹೊರಡಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ. ಐದು ವರ್ಷದವರಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಬೇಕು. ಅಂದರೆ ಜೋರಾಗಿ ಬಂದ ಚೆಂಡು ಕೈ ಹೊರಡುವ ಮೊದಲೇ ಎದೆ ಮುಟ್ಟಿರುತ್ತದೆ. ಅಲ್ಲಿ ಮಗುವಿನ ಗಮನವನ್ನೋ ಶ್ರದ್ಧೆಯನ್ನೋ ದೂರಿ ಪ್ರಯೋಜನವಿಲ್ಲ.

ಹಾಗೆಂದು ಚೆಂಡು ನಿಧಾನವಾದಷ್ಟೂ ಸುಲಭ ಎನ್ನುವಂತೆಯೂ ಇಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಡ್ಯಾಫ್ನಿ ಮೌರರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐದು ವರ್ಷದ ಮಕ್ಕಳು ಪರದೆಯ ಮೇಲೆ ಚಲಿಸುವ ಪಟ್ಟೆಗಳನ್ನು ನೋಡಿ ಯಾವುದು ಹೆಚ್ಚು ವೇಗದ್ದು ಎಂದು ಹೇಳಬೇಕಿತ್ತು. ವೇಗದ ಚಲನೆಗಳ ನಡುವಣ ವ್ಯತ್ಯಾಸ ಗುರುತಿಸುವುದರಲ್ಲಿ ಅವರು ದೊಡ್ಡವರಿಗಿಂತ ಸ್ವಲ್ಪ ಹಿಂದಿದ್ದರು. ನಿಧಾನ ಚಲನೆಗಳಲ್ಲಿ ಬಹಳ ಹಿಂದಿದ್ದರು. ದೂರದಿಂದ ನೇರ ಕಣ್ಣಿನತ್ತ ತೇಲಿ ಬರುವ ಚೆಂಡಿನ ಬಿಂಬ ಕಣ್ಣಿನೊಳಗೆ ಬಹಳ ಹೊತ್ತು ಹೆಚ್ಚೇನೂ ಬದಲಾಗುವುದಿಲ್ಲ, ಕೊನೆಯ ಗಳಿಗೆಯಲ್ಲಿ ದಿಢೀರನೆ ಹಿಗ್ಗುತ್ತದೆ. ಎತ್ತರಕ್ಕೆ ತೂರಿದ ಚೆಂಡಿನಲ್ಲಿ ಇದರ ಜೊತೆ ತಲೆಯೆತ್ತಿ ನೋಡುವ ತಾಪತ್ರಯವೂ ಸೇರುತ್ತದೆ. ಬಲೂನಿನ ಕತೆ ಬೇರೆ. ಅದು ನಿಧಾನವೇ, ಆದರೆ ಕೈಯಳತೆಯಲ್ಲೇ ಮೇಲೆ ಕೆಳಗೆ ಹೊಯ್ದಾಡುವುದರಿಂದ ಕಣ್ಣಿಗೆ ಅದರ ಚಲನೆ ದೊಡ್ಡದಾಗಿ ಕಾಣುತ್ತದೆ, ತಪ್ಪಿದರೆ ಇನ್ನೊಮ್ಮೆ ತಟ್ಟಲು ಪುರುಸೊತ್ತೂ ಇರುತ್ತದೆ.

ಚೆಂಡಿನ ಗಾತ್ರದಲ್ಲಿ ಒಂದು ಸಿಕ್ಕಿದೆ. 20–25 ಸೆಂಟಿಮೀಟರ್ ಅಡ್ಡಳತೆಯ ಚೆಂಡನ್ನು ಸಣ್ಣ ಮಕ್ಕಳು ಹೆಚ್ಚು ಸಲ ಹಿಡಿಯುತ್ತಾರೆ, ಆದರೆ ಎದೆಗೆ ಅವುಚಿ ಹಿಡಿಯುತ್ತಾರೆ. ಸಣ್ಣ ಚೆಂಡು ಬೆರಳುಗಳನ್ನು ಕೆಲಸಕ್ಕೆ ಹಚ್ಚುತ್ತದೆ, ಆದರೆ ಬಿದ್ದುಹೋಗುವುದು ಹೆಚ್ಚು. ಧೈರ್ಯ ಬರುವವರೆಗೆ ದೊಡ್ಡದು, ಆಮೇಲೆ 10–12 ಸೆಂಟಿಮೀಟರಿನ ಮೆತ್ತನೆಯದು, ಕೊನೆಗೆ ಆರೂವರೆ ಸೆಂಟಿಮೀಟರಿನ ಟೆನಿಸ್ ಚೆಂಡು ಎಂಬ ಕ್ರಮ ಬಹುತೇಕ ಮಕ್ಕಳಿಗೆ ಒಗ್ಗುತ್ತದೆ. ಬಣ್ಣ ಹಿನ್ನೆಲೆಯಿಂದ ಎದ್ದು ಕಾಣಬೇಕು. ಸುಣ್ಣ ಬಳಿದ ಗೋಡೆಯ ಮುಂದೆ ಬಿಳಿ ಚೆಂಡು ಹಿಡಿಸುವುದು ಮಗುವಿಗೆ ಮಾಡುವ ಅನ್ಯಾಯ.

ಮೊದಲ ಮೆಟ್ಟಿಲು ನೆಲದ ಮೇಲೆ ಉರುಳಿಸುವುದು. ಎರಡನೆಯದು ಪುಟ ಬಿದ್ದ ಚೆಂಡನ್ನು ಹಿಡಿಯುವುದು. ನೆಲಕ್ಕೆ ಬಡಿದ ಚೆಂಡು ವೇಗ ಕಳೆದುಕೊಳ್ಳುತ್ತದೆ, ಕೆಳಗಿನಿಂದ ಮೇಲೆದ್ದು ಬರುವುದರಿಂದ ಮುಖಕ್ಕೆ ಬಡಿಯುವ ಹೆದರಿಕೆ ಕಡಿಮೆ, ಎಲ್ಲಿಗೆ ಬರಲಿದೆ ಎಂಬ ಸುಳಿವನ್ನೂ ಮೊದಲೇ ಕೊಡುತ್ತದೆ. ಕರ್ನಾಟಕದ ಗಲ್ಲಿ ಕ್ರಿಕೆಟ್ಟಿನ ‘ಒನ್ ಪಿಚ್ ಕ್ಯಾಚ್’, ಅಂದರೆ ಒಂದು ಪುಟ ಬಿದ್ದ ಚೆಂಡನ್ನು ಹಿಡಿದರೂ ಔಟ್ ಎನ್ನುವ ನಿಯಮ, ಜಾಗ ಸಾಲದ್ದಕ್ಕೆ ಹುಟ್ಟಿದ್ದಿರಬಹುದು. ಆದರೆ ಎಳೆಯ ಕೈಗಳಿಗೆ ಇದಕ್ಕಿಂತ ಒಳ್ಳೆಯ ಪಾಠಕ್ರಮವನ್ನು ಯಾವ ಸಮಿತಿಯೂ ಬರೆದಿಲ್ಲ.

ಅಭ್ಯಾಸ ಎಂದರೆ ಏನು

ಸೋವಿಯತ್ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಮಾಸ್ಕೋದಲ್ಲಿ ನುರಿತ ಕೆಲಸಗಾರರ ಸುತ್ತಿಗೆ ಪೆಟ್ಟುಗಳನ್ನು ವೇಗದ ಛಾಯಾಚಿತ್ರಗಳಲ್ಲಿ ದಾಖಲಿಸಿದರು. ಪ್ರತಿ ಪೆಟ್ಟೂ ಬಹುತೇಕ ಒಂದೇ ಕಡೆ ಬೀಳುತ್ತಿತ್ತು, ಆದರೆ ಭುಜ, ಮೊಣಕೈ, ಮಣಿಕಟ್ಟುಗಳ ಚಲನೆ ಪ್ರತಿ ಸಲವೂ ಸ್ವಲ್ಪ ಬೇರೆ. ನುರಿತ ಕೈ ಒಂದೇ ಚಲನೆಯನ್ನು ಉರುಹೊಡೆದಿರುವುದಿಲ್ಲ, ಒಂದೇ ಸಮಸ್ಯೆಯನ್ನು ಪ್ರತಿ ಸಲವೂ ಹೊಸದಾಗಿ ಬಿಡಿಸುತ್ತಿರುತ್ತದೆ ಎಂಬುದು ಅವರ ತೀರ್ಮಾನ. ಕ್ರಿಕೆಟಿಗ ಡಾನ್ ಬ್ರಾಡ್ಮನ್ ಬಾಲ್ಯದಲ್ಲಿ ಆಸ್ಟ್ರೇಲಿಯಾದ ಬೌರಲ್ ಊರಿನ ಮನೆಯಲ್ಲಿ ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡನ್ನು ಎಸೆದು, ಮರಳಿ ಬಂದದ್ದನ್ನು ಕ್ರಿಕೆಟ್ ವಿಕೆಟ್ ಕೋಲಿನಿಂದ ಹೊಡೆಯುತ್ತಿದ್ದುದು ಪ್ರಸಿದ್ಧ. ಆ ಕಟ್ಟೆ ದುಂಡಗಿತ್ತು. ಚೆಂಡು ಎರಡು ಸಲ ಒಂದೇ ದಿಕ್ಕಿಗೆ ಮರಳುತ್ತಿರಲಿಲ್ಲ. ಬರ್ನ್‌ಸ್ಟೈನ್ ಹೇಳಿದ ಅಭ್ಯಾಸ ಅಲ್ಲಿ ತಾನಾಗಿ ನಡೆದಿತ್ತು.

ಮಕ್ಕಳ ಮೇಲೆಯೇ ಇದನ್ನು ಪರೀಕ್ಷಿಸಿದ ಅಧ್ಯಯನ 1978ರದ್ದು. ರಾಬರ್ಟ್ ಕೆರ್ ಮತ್ತು ಬರ್ನಾರ್ಡ್ ಬೂತ್ ಎಂಟು ವರ್ಷದ ಮಕ್ಕಳಿಗೆ ಕಾಳು ತುಂಬಿದ ಪುಟ್ಟ ಚೀಲಗಳನ್ನು ಗುರಿಗೆ ಎಸೆಯಲು ಕಲಿಸಿದರು. ಒಂದು ಗುಂಪು ಪ್ರತಿ ಸಲವೂ 3 ಅಡಿ ದೂರಕ್ಕೆ ಎಸೆಯಿತು. ಇನ್ನೊಂದು 2 ಮತ್ತು 4 ಅಡಿಗೆ ಎಸೆಯಿತು, 3 ಅಡಿಗೆ ಒಮ್ಮೆಯೂ ಇಲ್ಲ. ಕೊನೆಯ ಪರೀಕ್ಷೆ 3 ಅಡಿಯದ್ದು. ಗೆದ್ದದ್ದು ಆ ದೂರವನ್ನು ಅಭ್ಯಾಸ ಮಾಡದ ಗುಂಪು. ದೂರಕ್ಕೂ ಬಲಕ್ಕೂ ಇರುವ ಸಂಬಂಧವನ್ನು ಕಲಿತ ಕೈಗೆ ನಡುವಿನ ದೂರ ಹೊಸದೇನಲ್ಲ.

ಬದಲಾವಣೆ ಬೇಕೆಂದು ಎಲ್ಲವನ್ನೂ ಒಟ್ಟಿಗೆ ಕಲೆಸಿದರೆ ತೀರ ಎಳೆಯರಿಗೆ ತಲೆಕೆಡುತ್ತದೆ. ಎಸೆತ, ಒದೆತ, ಹಿಡಿತಗಳನ್ನು ಒಂದರ ಹಿಂದೊಂದು ಬೆರೆಸಿ ಕೊಡುವುದರ ಲಾಭ ದೊಡ್ಡವರಲ್ಲಿ ಕಂಡಷ್ಟು ನಿಚ್ಚಳವಾಗಿ ಮಕ್ಕಳಲ್ಲಿ ಕಂಡಿಲ್ಲ. ಒಂದು ವಿದ್ಯೆಯೊಳಗೇ ದೂರ, ಎತ್ತರ, ಚೆಂಡಿನ ತೂಕ ಬದಲಿಸುವುದು ಮೊದಲ ವರ್ಷಗಳಿಗೆ ಸಾಕು.

ತಪ್ಪುಗಳಿಂದಲೇ ಕಲಿಕೆ ಎಂಬ ಮಾತಿಗೂ ಒಂದು ಮಿತಿಯಿದೆ. ಹಾಂಗ್‌ಕಾಂಗಿನ ಶಾಲಾಮಕ್ಕಳ ಮೇಲೆ ಕ್ಯಾಥರೀನ್ ಕಾಪಿಯೊ, ರಿಚ್ ಮಾಸ್ಟರ್ಸ್ ಮುಂತಾದವರು ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ದೊಡ್ಡ ಗುರಿಯಿಂದ ಶುರುಮಾಡಿ ಮೆಲ್ಲನೆ ಸಣ್ಣ ಗುರಿಗೆ ಇಳಿದರು, ಕೆಲವರು ಸಣ್ಣ ಗುರಿಯಿಂದ ಶುರುಮಾಡಿ ದೊಡ್ಡದಕ್ಕೆ ಹೋದರು. ತಪ್ಪು ಕಡಿಮೆ ಮಾಡುತ್ತ ಬಂದ ಮೊದಲ ಗುಂಪಿನ ಎಸೆತವೇ ಉತ್ತಮಗೊಂಡಿತು. ಮನಸ್ಸನ್ನು ಬೇರೆ ಕೆಲಸಕ್ಕೆ ಎಳೆದಾಗಲೂ ಅವರ ಕೈ ಕೆಡಲಿಲ್ಲ. ಬಹಳ ತಪ್ಪಿದ ಮಗು ಪ್ರತಿ ಎಸೆತವನ್ನೂ ತಲೆಯಲ್ಲಿ ಲೆಕ್ಕಹಾಕತೊಡಗುತ್ತದೆ. ಆ ಲೆಕ್ಕ ಆಟದ ಗದ್ದಲದಲ್ಲಿ ಕೈಕೊಡುತ್ತದೆ.

ಸಾಮಾನು ಮಗುವಿನ ಅಳತೆಗೆ ಇರಬೇಕೆಂಬ ಮಾತನ್ನು ಕ್ರೀಡಾ ಸಂಸ್ಥೆಗಳೂ ಈಗ ಒಪ್ಪಿವೆ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ 2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ನಿಧಾನ ಚೆಂಡನ್ನು ಕಡ್ಡಾಯ ಮಾಡಿತು. ಕೆಂಪು ಚೆಂಡು ಸಾಮಾನ್ಯ ಚೆಂಡಿಗಿಂತ ಶೇಕಡಾ 75ರಷ್ಟು ನಿಧಾನ, ಕಿತ್ತಳೆ 50, ಹಸಿರು 25. ಬ್ಯಾಸ್ಕೆಟ್‌ಬಾಲ್ ಬಳೆ 3.05 ಮೀಟರ್ ಎತ್ತರದಲ್ಲಿದ್ದರೆ ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲಿನಲ್ಲಿ ಅದು 2.60 ಮೀಟರ್. ಕ್ರಿಕೆಟ್ ನಿಯಮಗಳಲ್ಲಿ 13 ವರ್ಷದೊಳಗಿನವರ ಚೆಂಡು 133ರಿಂದ 144 ಗ್ರಾಂ, ದೊಡ್ಡ ಗಂಡಸರದು 155.9ರಿಂದ 163. ಆಸ್ಟ್ರೇಲಿಯಾದ ಡೇಮಿಯನ್ ಫ್ಯಾರೊ ಮತ್ತು ಮ್ಯಾಕರ್ ರೀಡ್ 2010ರಲ್ಲಿ ತೋರಿಸಿದಂತೆ, ಪೂರ್ಣ ಅಳತೆಯ ಟೆನಿಸ್ ಅಂಗಳ ಮತ್ತು ಚೆಂಡಿನಲ್ಲಿ ಕಲಿಯಹೊರಟ ಎಂಟು ವರ್ಷದವರಿಗೆ ಚೆಂಡು ಹೊಡೆಯುವ ಅವಕಾಶವೇ ಕಡಿಮೆ ಸಿಕ್ಕಿತು. ನಮ್ಮಲ್ಲಿ ಆರು ವರ್ಷದವರಿಗೂ ದೊಡ್ಡವರ ಬ್ಯಾಟು ಕೊಟ್ಟು ‘ಬೆಳೆದಂತೆ ಸರಿಹೋಗುತ್ತದೆ’ ಎನ್ನುವ ರೂಢಿ ಇನ್ನೂ ಇದೆ. ಬ್ಯಾಟಿನ ಭಾರಕ್ಕೆ ಮಗು ಕಲಿತ ಓರೆಕೋರೆ ಬೀಸು ಬೆಳೆದ ಮೇಲೆ ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ.

ಅವಕಾಶದ ಲೆಕ್ಕ ಇಷ್ಟೆ. ಅರ್ಧ ಗಂಟೆಯ ಪಿ.ಟಿ. ಪೀರಿಯಡ್, 40 ಮಕ್ಕಳು, ಒಂದೇ ಚೆಂಡು. ಒಂದು ಎಸೆತಕ್ಕೆ 6 ಸೆಕೆಂಡ್ ಹಿಡಿದರೂ ಒಟ್ಟು 300 ಎಸೆತ, ತಲೆಗೆ ಏಳೆಂಟು. ಅದೇ ಮಕ್ಕಳನ್ನು ಇಬ್ಬಿಬ್ಬರಾಗಿ ನಿಲ್ಲಿಸಿ 20 ಚೆಂಡು ಕೊಟ್ಟರೆ ಪ್ರತಿ ಮಗುವಿಗೂ 150. ಈ ವ್ಯತ್ಯಾಸವನ್ನು ಯಾವ ಬೋಧನಾ ಕೌಶಲವೂ ತುಂಬಿಕೊಡಲಾರದು. ಹೊತ್ತನ್ನು ಚೂರುಚೂರಾಗಿ ಹಂಚುವುದೂ ಮುಖ್ಯ. ವಾರಕ್ಕೊಮ್ಮೆ ಒಂದು ಗಂಟೆಗಿಂತ ದಿನಕ್ಕೆ ಹತ್ತು ನಿಮಿಷ ಮೇಲು.

ಹಿಮ್ಮಾಹಿತಿ

1930ರ ಸುಮಾರಿಗೆ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಜನರಿಗೆ ಕಣ್ಣು ಮುಚ್ಚಿಕೊಂಡು ನಿಗದಿತ ಉದ್ದದ ಗೆರೆಯನ್ನು ಮತ್ತೆ ಮತ್ತೆ ಎಳೆಯಲು ಹೇಳಿದರು. ಸರಿಯೋ ತಪ್ಪೋ ಯಾರೂ ಹೇಳುತ್ತಿರಲಿಲ್ಲ. ನೂರಾರು ಗೆರೆ ಎಳೆದ ಮೇಲೂ ಅವರ ಅಂದಾಜು ಸುಧಾರಿಸಲಿಲ್ಲ. ಫಲ ಏನಾಯಿತೆಂದು ತಿಳಿಯದ ಅಭ್ಯಾಸ ಅಭ್ಯಾಸವೇ ಅಲ್ಲ. ಮಿದುಳಿನ ಹಿಂಭಾಗದ ಕಿರುಮೆದುಳು ಮಾಡುವ ಕೆಲಸಗಳಲ್ಲಿ ಇದೂ ಒಂದು: ಕೈ ಮಾಡಹೊರಟದ್ದಕ್ಕೂ ಆಗಿಹೋದದ್ದಕ್ಕೂ ನಡುವಣ ಅಂತರವನ್ನು ಗುರುತಿಸಿ ಮುಂದಿನ ಸಲಕ್ಕೆ ತಿದ್ದಿಕೊಳ್ಳುವುದು.

ಚೆಂಡಾಟದ ಅನುಕೂಲವೆಂದರೆ ಈ ಸುದ್ದಿಯ ಬಹುಪಾಲನ್ನು ಚೆಂಡೇ ಹೇಳುತ್ತದೆ. ಗೋಡೆಗೆ ಬಡಿದ ಸದ್ದು, ಉರುಳಿದ ಡಬ್ಬ, ಕೈ ತಪ್ಪಿ ಬಿದ್ದ ಚೆಂಡು, ಇವಕ್ಕೆ ವ್ಯಾಖ್ಯಾನ ಬೇಡ. ‘ಅಯ್ಯೋ, ಬಿಟ್ಟೆಯಲ್ಲ’ ಎಂದು ಹೇಳುವ ದೊಡ್ಡವರು ಮಗುವಿಗೆ ಗೊತ್ತಿರುವುದನ್ನೇ ಹೇಳುತ್ತಿರುತ್ತಾರೆ. ಮಗುವಿಗೆ ಕಾಣದ್ದು ತನ್ನದೇ ಮೈಯ ಚಲನೆ: ಕಾಲು ಊರಿದ್ದು ಎಲ್ಲಿ, ಕೈ ಕಾದದ್ದು ಎಲ್ಲಿ. ಹೊರಗಿನವರ ಮಾತಿಗೆ ಬೆಲೆ ಬರುವುದು ಅಲ್ಲಿ.

ಎಷ್ಟು ಹೇಳಬೇಕು ಎಂಬುದರಲ್ಲಿ ಸಂಶೋಧನೆ ಕುತೂಹಲದ ದಾರಿ ಹಿಡಿದಿದೆ. ಪ್ರತಿ ಪ್ರಯತ್ನಕ್ಕೂ ತಿದ್ದಿ ಹೇಳಿದರೆ ಆ ಹೊತ್ತಿನ ಸಾಧನೆ ಚೆನ್ನಾಗಿರುತ್ತದೆ, ಹೇಳುವವರು ಇಲ್ಲದ ದಿನ ಕುಸಿಯುತ್ತದೆ ಎಂದು ಸಾಲ್ಮೋನಿ, ಶ್ಮಿಟ್, ವಾಲ್ಟರ್ 1984ರ ವಿಮರ್ಶೆಯಲ್ಲಿ ವಾದಿಸಿದರು. ಕಲಿಯುವವರು ತಮ್ಮ ಮೈಯ ಸುಳಿವು ಕೇಳುವುದನ್ನು ಬಿಟ್ಟು ಹೊರಗಿನ ದನಿಗೆ ಆತುಕೊಳ್ಳುತ್ತಾರೆ. ಅರ್ಧದಷ್ಟು ಪ್ರಯತ್ನಗಳಿಗೆ ಮಾತ್ರ ಹಿಮ್ಮಾಹಿತಿ ಪಡೆದ ವಯಸ್ಕರು ಆಮೇಲಿನ ಪರೀಕ್ಷೆಯಲ್ಲಿ ಮುಂದಿದ್ದುದನ್ನು 1990ರಲ್ಲಿ ಕ್ಯಾರೊಲಿ ವಿನ್‌ಸ್ಟೈನ್ ಮತ್ತು ಶ್ಮಿಟ್ ತೋರಿಸಿದರು. ಹಾಗಾದರೆ ಮಕ್ಕಳಿಗೂ ಕಡಿಮೆ ಹೇಳುವುದೇ ಸರಿ ಎಂದು ಬಹುಕಾಲ ನಂಬಲಾಗಿತ್ತು. 2008ರಲ್ಲಿ ಕ್ಯಾಥರೀನ್ ಸಲಿವನ್ ತಂಡ 8ರಿಂದ 14 ವರ್ಷದವರಿಗೂ ವಯಸ್ಕರಿಗೂ ಒಂದೇ ತೋಳಿನ ಕೆಲಸ ಕಲಿಸಿದಾಗ ಬಂದ ಫಲ ತಿರುಗುಮುರುಗಾಗಿತ್ತು. ವಯಸ್ಕರಿಗೆ ಕಡಿಮೆ ಹಿಮ್ಮಾಹಿತಿ ಲಾಭವಾಯಿತು. ಮಕ್ಕಳಿಗೆ ಪ್ರತಿ ಪ್ರಯತ್ನಕ್ಕೂ ಕೊಟ್ಟದ್ದೇ ಲಾಭವಾಯಿತು. ತಮ್ಮ ತಪ್ಪನ್ನು ತಾವೇ ಅಳೆಯುವ ಶಕ್ತಿ ಇನ್ನೂ ಬಲಿಯದವರಿಗೆ ಆಸರೆ ಹೆಚ್ಚು ಕಾಲ ಬೇಕು. ಹಾಗಾಗಿ ಆರಂಭದಲ್ಲಿ ಧಾರಾಳ, ಕೈ ಪಳಗಿದಂತೆ ಮಿತ ಎನ್ನುವುದು ವಿವೇಕದ ಮಾರ್ಗ.

ಯಾವಾಗ ಹೇಳಬೇಕು? ಚೆಂಡು ಬಿದ್ದ ಮರುಕ್ಷಣವೇ ಬೇಡ. ಎರಡು ಮೂರು ಸೆಕೆಂಡ್ ಬಿಟ್ಟರೆ ಮಗುವಿಗೆ ತಾನೇ ಅಳೆದುಕೊಳ್ಳಲು ಬಿಡುವು ಸಿಗುತ್ತದೆ. ‘ಎಲ್ಲಿ ಹೋಯ್ತು ಚೆಂಡು? ಯಾಕೆ ಅಲ್ಲಿಗೆ ಹೋಯ್ತು?’ ಎಂದು ಕೇಳಿದರೆ ಇನ್ನೂ ಒಳ್ಳೆಯದು. ಬ್ರೆಜಿಲಿನ ಸುಜೆಟೆ ಶಿವಿಯಾಕೋವ್ಸ್ಕಿ ಮತ್ತು ಸಂಗಡಿಗರು ಹತ್ತು ವರ್ಷದ ಮಕ್ಕಳಿಗೆ ಎಸೆತ ಕಲಿಸುವಾಗ ಹಿಮ್ಮಾಹಿತಿ ಬೇಕೆನಿಸಿದಾಗ ಕೇಳಿ ಪಡೆಯುವ ಸ್ವಾತಂತ್ರ್ಯ ಕೊಟ್ಟರು. ಅದೇ ಪ್ರಮಾಣದ ಹಿಮ್ಮಾಹಿತಿಯನ್ನು ಕೇಳದೆಯೇ ಪಡೆದ ಮಕ್ಕಳಿಗಿಂತ ಅವರು ಚೆನ್ನಾಗಿ ಕಲಿತರು. ಕಲಿಯುವವರು ಬಹುತೇಕ ಕೇಳುವುದು ಎಸೆತ ಚೆನ್ನಾಗಿ ಬಂತೆನಿಸಿದ ಮೇಲೆ, ಕೆಟ್ಟ ಮೇಲಲ್ಲ. ತಪ್ಪಿದಾಗಲೆಲ್ಲ ಬಾಯಿ ಹಾಕುವ ನಮ್ಮ ಚಾಳಿಗೆ ಇದು ಸರಿಯಾದ ಉತ್ತರ.

ಏನು ಹೇಳಬೇಕು ಎಂಬುದಕ್ಕೆ ಮೂರು ನಾಲ್ಕು ಪದ ಮೀರದ ಒಂದೇ ಸೂಚನೆ ಸಾಕು. ‘ಗುರುತು ತುಳಿದು ಎಸಿ.’ ‘ಕೈ ಬುಟ್ಟಿ ಮಾಡು.’ ‘ಗೋಡೆ ಒಡೆಯೋ ಹಾಗೆ ಹೊಡಿ.’ ಮೊಣಕೈಯ ಕೋನದ ಮಾತಿಗಿಂತ ಚೆಂಡು, ಗೋಡೆ, ಗುರಿಯಂಥ ಹೊರಗಿನ ವಸ್ತುವಿನತ್ತ ಗಮನ ತಿರುಗಿಸುವುದು ವಯಸ್ಕರಿಗೆ ಹೆಚ್ಚು ಫಲ ಕೊಡುತ್ತದೆಂದು ಗ್ಯಾಬ್ರಿಯೆಲೆ ವುಲ್ಫ್ 1990ರ ದಶಕದ ಕೊನೆಯಿಂದ ತೋರಿಸುತ್ತ ಬಂದಿದ್ದಾರೆ. ಮಕ್ಕಳಲ್ಲಿ ಫಲಿತಾಂಶಗಳು ಅಷ್ಟು ಏಕಮುಖವಾಗಿಲ್ಲ. ಆದರೂ ಗೋಡೆಯ ಮಾತು ಮಗುವಿಗೆ ಬೇಗ ಅರ್ಥವಾಗುತ್ತದೆ ಎಂಬ ಒಂದು ಕಾರಣಕ್ಕೇ ಅದು ಮೇಲು. ಇನ್ನು ‘ಶಭಾಷ್’, ‘ವೆರಿಗುಡ್’ ಎಂಬುವು ಮನಸ್ಸಿಗೆ ಹಿತ, ಮಾಹಿತಿಯ ದೃಷ್ಟಿಯಿಂದ ಖಾಲಿ. ‘ಕೈಗೆ ಬರೋವರೆಗೂ ಚೆಂಡನ್ನೇ ನೋಡ್ತಿದ್ದೆ, ಅದಕ್ಕೇ ಸಿಕ್ತು’ ಎಂದಾಗ ಹೊಗಳಿಕೆಯೂ ಪಾಠವೂ ಒಟ್ಟಿಗೆ ಸಂದವು.

ಬೀದಿಯ ಪಾಠಶಾಲೆ

ಲಗೋರಿಯನ್ನು ಈ ಕಣ್ಣಿನಿಂದ ನೋಡಿದರೆ ಅಚ್ಚರಿಯಾಗುತ್ತದೆ. ಒಂದರ ಮೇಲೊಂದು ಪೇರಿಸಿದ ಚಪ್ಪಟೆ ಕಲ್ಲುಗಳು ಎಸೆತಕ್ಕೆ ಗುರಿ. ಬಿದ್ದವೋ ಇಲ್ಲವೋ ಎಂಬುದಕ್ಕೆ ತೀರ್ಪುಗಾರರು ಬೇಡ. ಆಮೇಲೆ ಓಡುವವರ ಬೆನ್ನಿಗೆ ಹೊಡೆಯಬೇಕು, ಅಲ್ಲಿ ಗುರಿಯೂ ಚಲಿಸುತ್ತದೆ, ದೂರವೂ ಪ್ರತಿ ಸಲ ಬೇರೆ. ಚೆಂಡು ಬಟ್ಟೆಯದೋ ರಬ್ಬರಿನದೋ ಆಗಿರುವುದರಿಂದ ಹೆದರಿಕೆ ಕಡಿಮೆ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುವ ಪದ್ಧತಿಯಂತೂ ಅಪ್ಪಟ ಬೋಧನಾ ತಂತ್ರ: ಚೆಂಡು ಮುಟ್ಟುವ ಅವಕಾಶ ಪೂರ್ತಿ, ತಪ್ಪಿಗೆ ದಂಡ ಇಲ್ಲ. ದೊಡ್ಡ ಮಕ್ಕಳು ಎಸೆದು ತೋರಿಸುವುದು ಪ್ರಾತ್ಯಕ್ಷಿಕೆ. ಹೆಡ್ ಸ್ಟಾರ್ಟ್ ಕೇಂದ್ರದ ಬಯಲಲ್ಲಿ ಒಂದೇ ವಯಸ್ಸಿನ ಎಳೆಯರಿಗೆ ಸಿಗದಿದ್ದದ್ದು ಇದು. ಬೀದಿಗಳಲ್ಲಿ ವಾಹನ ತುಂಬಿ, ಆಟ ಅಪಾರ್ಟ್‌ಮೆಂಟಿನ ಸಮವಯಸ್ಕರ ಗುಂಪಿಗೆ ಸೀಮಿತವಾದಾಗ ಕಳೆದುಹೋಗುವುದೂ ಇದೇ. ಆ ಜಾಗವನ್ನು ಯಾರಾದರೂ ಉದ್ದೇಶಪೂರ್ವಕವಾಗಿ ತುಂಬಬೇಕು.

ಒದೆಯುವುದು, ಪುಟಿಸುವುದು, ಬ್ಯಾಟ್ ಬೀಸುವುದು ಇವಕ್ಕೂ ಮೇಲಿನ ಮಾತುಗಳೇ ಅನ್ವಯ. ಒದೆತದಲ್ಲಿ ನಿಂತ ಚೆಂಡು ಮೊದಲು, ಉರುಳುವ ಚೆಂಡು ಆಮೇಲೆ. ಬ್ಯಾಟಿಂಗಿನಲ್ಲಿ ಕಡ್ಡಿಯ ಮೇಲೆ ಕೂರಿಸಿದ ಚೆಂಡು, ತೂಗುಹಾಕಿದ ಚೆಂಡು, ಪುಟ ಬಿದ್ದು ಬರುವ ಚೆಂಡು ಎಂಬ ಕ್ರಮ. ಪುಟಿಸುವುದಕ್ಕೆ ಗಾಳಿ ಸರಿಯಾಗಿ ತುಂಬಿದ ಚೆಂಡೊಂದಿದ್ದರೆ ಅರ್ಧ ಕೆಲಸ ಮುಗಿಯಿತು. ಮೆತ್ತಗಾದ ಚೆಂಡನ್ನು ಯಾವ ಮಗುವೂ ಪುಟಿಸಲಾರದು.

ಹೆಣ್ಣುಮಕ್ಕಳಿಗೆ ಎಸೆಯಲು ಬರುವುದಿಲ್ಲ ಎಂಬ ಮಾತನ್ನು ಇಲ್ಲಿ ಎದುರಿಸಬೇಕು. ಚಲನಾ ಕೌಶಲಗಳಲ್ಲೆಲ್ಲ ಹುಡುಗ ಹುಡುಗಿಯರ ನಡುವೆ ಅತಿ ದೊಡ್ಡ ಅಂತರ ಕಂಡಿರುವುದು ಎಸೆತದಲ್ಲೇ, ಅದೂ ಎಳವೆಯಲ್ಲೇ ಎಂದು ಜೆರ್ರಿ ಥಾಮಸ್ ಮತ್ತು ಕ್ಯಾರನ್ ಫ್ರೆಂಚ್ 1985ರಲ್ಲಿ ಅನೇಕ ಅಧ್ಯಯನಗಳನ್ನು ಕೂಡಿಸಿ ತೋರಿಸಿದ್ದರು. ಆದರೆ ಥಾಮಸ್ ಅವರೇ ಮುಂದೆ ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳನ್ನು ಅಧ್ಯಯನ ಮಾಡಿದಾಗ, 2010ರ ವರದಿಯಂತೆ, ಅಲ್ಲಿ ಆ ಅಂತರ ಕಡಿಮೆಯಿತ್ತು. ಆ ಸಮುದಾಯಗಳಲ್ಲಿ ಎಸೆಯುವುದು ಹೆಣ್ಣುಮಕ್ಕಳ ಬದುಕಿಗೂ ಸೇರಿದ್ದು. ಅಂತರದಲ್ಲಿ ದೇಹರಚನೆಯ ಪಾಲು ಎಷ್ಟೇ ಇರಲಿ, ಕೈಗೆ ಚೆಂಡು ಸಿಗದಿರುವುದರ ಪಾಲು ತಿದ್ದಬಹುದಾದದ್ದು.

ಸಾಕಷ್ಟು ಅಭ್ಯಾಸ ಸಿಕ್ಕರೂ ಮುಂದುವರಿಯದ ಮಕ್ಕಳು ಕೆಲವರಿರುತ್ತಾರೆ. ಶಾಲಾವಯಸ್ಸಿನ ಮಕ್ಕಳಲ್ಲಿ ಸುಮಾರು ಶೇಕಡಾ 5ರಿಂದ 6ರಷ್ಟು ಮಂದಿಗೆ ಚಲನೆಗಳನ್ನು ಹೊಂದಿಸುವುದರಲ್ಲೇ ಬೆಳವಣಿಗೆಯ ತೊಡಕಿರುತ್ತದೆ. ಚೆಂಡಿನ ಜೊತೆಗೆ ಗುಂಡಿ ಹಾಕುವುದು, ಅಕ್ಷರ ಬರೆಯುವುದು, ಚಮಚ ಹಿಡಿಯುವುದರಲ್ಲೂ ಮಗು ತಡಕಾಡುತ್ತಿದ್ದರೆ ಅದು ಸೋಮಾರಿತನವಲ್ಲ. ಮಕ್ಕಳ ವೈದ್ಯರಿಗೂ ಆಕ್ಯುಪೇಷನಲ್ ಥೆರಪಿಸ್ಟರಿಗೂ ತೋರಿಸಬೇಕು.

ಈ ಶ್ರಮಕ್ಕೆ ಆಟದಾಚೆಗೂ ಅರ್ಥವಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2000ದಲ್ಲಿ ಪರೀಕ್ಷಿಸಿದ ಪ್ರಾಥಮಿಕ ಶಾಲಾಮಕ್ಕಳನ್ನು ಲಿಸಾ ಬಾರ್ನೆಟ್ ತಂಡ ಸುಮಾರು ಆರು ವರ್ಷದ ನಂತರ ಮತ್ತೆ ನೋಡಿದಾಗ, ಚಿಕ್ಕಂದಿನಲ್ಲಿ ಚೆಂಡಿನ ಕೌಶಲ ಚೆನ್ನಾಗಿದ್ದವರು ಹದಿಹರೆಯದಲ್ಲಿ ಹೆಚ್ಚು ಚಟುವಟಿಕೆಯಿಂದಿದ್ದರು, ಅವರ ದೇಹದಾರ್ಢ್ಯವೂ ಮೇಲಿತ್ತು. ಓಡುವ, ನೆಗೆಯುವ ಕೌಶಲ ಅಂಥ ಮುನ್ಸೂಚನೆ ಕೊಡಲಿಲ್ಲ. ಚೆಂಡು ಹಿಡಿಯಬಲ್ಲವರನ್ನು ಜೊತೆಯವರು ಆಟಕ್ಕೆ ಕರೆಯುತ್ತಾರೆ, ಆಡುತ್ತ ಅವರ ಕೈ ಇನ್ನೂ ಪಳಗುತ್ತದೆ.

ಇದಕ್ಕೆ ದುಬಾರಿ ಸಾಮಾನೇನೂ ಬೇಡ. ಹಳೆಯ ಕಾಲುಚೀಲಕ್ಕೆ ಬಟ್ಟೆಚೂರು ತುಂಬಿ ಹೊಲಿದ ಚೆಂಡು, ಒಂದು ಖಾಲಿ ಗೋಡೆ, ಸೀಮೆಸುಣ್ಣದ ತುಂಡು ಇದ್ದರೆ ಮೂರರಿಂದ ಎಂಟು ವರ್ಷದವರಿಗೆ ಬೇಕಾದದ್ದೆಲ್ಲ ಆಯಿತು. ಕೆಳಗಿನ ತರಗತಿಗಳಿಗಾಗಿ ಶಾಲೆಯವರು ಒಂದು ಒಳ್ಳೆಯ ಲೆದರ್ ಚೆಂಡು ಕೊಳ್ಳುವ ದುಡ್ಡಿನಲ್ಲಿ ಹತ್ತಾರು ಸಾಧಾರಣ ರಬ್ಬರ್ ಚೆಂಡು ಕೊಂಡು, ಅವನ್ನು ಬೀರುವಿನಲ್ಲಿ ಬೀಗ ಹಾಕಿಡದೆ ಮಕ್ಕಳ ಕೈಗೆ ಕೊಡಲಿ.